ಕ್ಲೈಮ್ಯಾಕ್ಸ್ ನೋಡದ ಕಾಕು

ಹೋದ ತಿಂಗಳು ಜಮಖಂಡಿಯಲ್ಲಿ ಒಂದು ಭಾರೀ ಬಜೆಟ್ಟಿನ ಸಿನಿಮಾ ನೋಡುತ್ತಾ ಕುಳಿತಿದ್ದೆ. ಪರದೆಯ ಮೇಲೆ ಊರಿಗೆ ಊರೇ ಹೊತ್ತಿ ಉರಿಯುತ್ತಿತ್ತು, ಕೂತ ಕುರ್ಚಿ ನಡುಗುತ್ತಿತ್ತು. ಆಗ ಹಿಂದಿನ ಸಾಲಿನಲ್ಲಿ ಯಾರೋ ಕದ್ದು ತಂದ ಡಬ್ಬಿಯ ಮುಚ್ಚಳ ತೆಗೆದರು. ತುಪ್ಪ ಸವರಿದ ಚಪಾತಿ, ಅಗಸಿ ಚಟ್ನಿ... ಅದೂ ಬೆಳ್ಳುಳ್ಳಿ ಹಾಕದ ಅಗಸಿ ಚಟ್ನಿ. ಅದರ ವಾಸನೆಯೇ ಬೇರೆ, ಉಂಡವರ ಮೂಗು ಮರೆಯುವುದಿಲ್ಲ. ಆಮೇಲೆ ಆ ಊರಿಗೆ ಬೆಂಕಿ ಹಚ್ಚಿದವರು ಯಾರು, ಆರಿಸಿದವರು ಯಾರು ಎಂಬುದು ನನ್ನ ತಲೆಗೆ ಹೋಗಲಿಲ್ಲ. ತೇರದಾಳದ ನಮ್ಮ ಬಾಜೂ ಮನೆಯ ಕಾಕು, ಓಣಿಗೆಲ್ಲ ಚಿಕ್ಕಮ್ಮನಂತಿದ್ದವರು, ನೆನಪಾಗಿದ್ದರು.

ಕಾಕು ಜೈನರು. ಯಜಮಾನರು ಎಂದೋ ತೀರಿಕೊಂಡಿದ್ದರು. ಇಬ್ಬರು ಗಂಡುಮಕ್ಕಳು ಪೇಟೆಯಲ್ಲಿ ಅಂಗಡಿ ನಡೆಸುತ್ತಿದ್ದರು. ಬೆಳಿಗ್ಗೆ ಬಸದಿ, ಆಮೇಲೆ ಅಡುಗೆಮನೆ, ಇಷ್ಟೇ ಅವರ ದಿನ. ಇದರ ನಡುವೆ ವರ್ಷಕ್ಕೆ ಎರಡೋ ಮೂರೋ ಸಿನಿಮಾ. ಅದೂ ಊರೆಲ್ಲ ಮಾತಾಡುವಂಥ, ಪೋಸ್ಟರಿನಲ್ಲಿ ಆನೆ, ಕುದುರೆ, ಕೋಟೆ ಇರುವಂಥ ಸಿನಿಮಾ ಮಾತ್ರ. ಸಣ್ಣ ಸಿನಿಮಾಕ್ಕೆ ಕರೆದರೆ, "ಮನಿ ಕತಿ ಮನ್ಯಾಗ ಐತಿ, ಅದನ್ನ ನೋಡಾಕ ಟಿಕೀಟ್ ಯಾಕ ತಗೀಬೇಕು?" ಎನ್ನುತ್ತಿದ್ದರು. ನಾನು ಆಗ ಬಿ.ಎಡ್. ಮುಗಿಸಿ, ನೌಕರಿ ಸಿಗದೆ ಮನೆಯಲ್ಲಿ ಕುಳಿತಿದ್ದೆ. ಖಾಲಿ ಕೂತವಳಿಗೆ ಓಣಿಯವರೆಲ್ಲ ಒಂದೊಂದು ಕೆಲಸ ಹಚ್ಚುತ್ತಾರೆ. ಕಾಕು ನನಗೆ ಹಚ್ಚಿದ ಕೆಲಸ ಅವರ ಜೊತೆ ಸಿನಿಮಾಕ್ಕೆ ಹೋಗುವುದು.

ಹೋಗುವುದಷ್ಟೇ ಆಗಿದ್ದರೆ ಸುಲಭವಿತ್ತು. ಕಾಕು ಹೊತ್ತು ಮುಳುಗಿದ ಮೇಲೆ ಏನೂ ತಿನ್ನುವವರಲ್ಲ, ಒಂದು ಗುಟುಕು ನೀರೂ ಇಲ್ಲ. ಮಧ್ಯಾಹ್ನದ ಅಡುಗೆ ಮುಗಿಸದೆ ಹೊಸ್ತಿಲು ದಾಟುವವರೂ ಅಲ್ಲ. ಹಾಗಾಗಿ ನಮಗೆ ಗತಿಯಾದದ್ದು ಜಮಖಂಡಿಯ ಹಳೇ ಟಾಕೀಜಿನ ಮೂರು ಗಂಟೆಯ ಆಟ. ಈ ದೊಡ್ಡ ಸಿನಿಮಾಗಳೋ, ಮೂರು ತಾಸಿಗೆ ಕಡಿಮೆ ಇರುತ್ತಿರಲಿಲ್ಲ. ಮುಗಿಯುವ ಹೊತ್ತಿಗೆ ಸೂರ್ಯ ಮುಳುಗಿರುತ್ತಿದ್ದ. ಸಕ್ಕರೆ ಕಾಯಿಲೆಯ ಗುಳಿಗೆ ಬೇರೆ ಇತ್ತು, ಸಂಜೆಯ ಊಟ ಬಿಡುವಂತಿರಲಿಲ್ಲ.

"ಒಳಗ ಕೂತs ಉಣ್ಣಬಹುದಲ್ರಿ ಕಾಕು," ಎಂದು ಮೊದಲ ಸಲ ನಾನು ಹೇಳಿದ್ದೆ.

"ಕತ್ತಲ್ಯಾಗ ಉಣ್ಣೂದಂದ್ರ ರಾತ್ರಿ ಉಂಡಂಗ. ಅನ್ನದಾಗ ಇರುವಿ ಐತೋ ಇಲ್ಲೋ ಹೆಂಗ ಕಾಣಬೇಕು?"

ಐದೂಕಾಲು ಆಗುತ್ತಲೇ ಕಾಕು ಚೀಲ ಹಿಡಿದು ಏಳುತ್ತಿದ್ದರು. ಪರದೆಯ ಮೇಲೆ ಯಾರ ತಲೆ ಬೀಳಲಿ, ಯಾರ ಪಟ್ಟಾಭಿಷೇಕವಾಗಲಿ, ಅವರಿಗೆ ಸಂಬಂಧವಿಲ್ಲ. ಟಾಕೀಜಿನ ಹೊರಗೆ ಪಡುವಣಕ್ಕೆ ಮುಖ ಮಾಡಿದ ಮೆಟ್ಟಿಲುಗಳಿದ್ದವು. ಅಲ್ಲಿ ಬೆಳಕಿನಲ್ಲಿ ಕೂತು, ಡಬ್ಬಿ ಬಿಚ್ಚಿ, ಸಾವಕಾಶವಾಗಿ ಉಂಡು, ಕಾಸಿ ಸೋಸಿ ತಂದ ನೀರು ಕುಡಿದು, ಡಬ್ಬಿ ತೊಳೆದು, ಕಣ್ಣು ಮುಚ್ಚಿ ಮಂತ್ರ ಹೇಳಿಕೊಳ್ಳುವಷ್ಟರಲ್ಲಿ ಒಳಗೆ ಸಿನಿಮಾ ಮುಗಿದಿರುತ್ತಿತ್ತು. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಕಾರ್ಖಾನೆಯ ಕಡೆ ಹೋಗುತ್ತಿದ್ದವು. ನಾನು ಹೊರಗೆ ಬಂದ ಕೂಡಲೇ ಅವರದೊಂದೇ ಪ್ರಶ್ನೆ: "ಏನಾತು?"

ಹೇಳುವುದು ನನ್ನ ಕೆಲಸ. ಬಸ್‌ಸ್ಟ್ಯಾಂಡು ಮುಟ್ಟುವುದರೊಳಗೆ ಕಡೆಯ ಮುಕ್ಕಾಲು ತಾಸಿನ ಕತೆ ಒಪ್ಪಿಸಬೇಕು. ಹೀಗೆ ಎಷ್ಟೋ ದೊಡ್ಡ ಸಿನಿಮಾಗಳ ಕ್ಲೈಮ್ಯಾಕ್ಸನ್ನು ಕಾಕು ನೋಡಿದವರಲ್ಲ, ಕೇಳಿದವರು. ಒಂದು ಸಲ ಸಿನಿಮಾ ಅರ್ಧಕ್ಕೇ ನಿಂತು, ಉಳಿದದ್ದು ಎರಡನೇ ಭಾಗದಲ್ಲಿ ಎಂದು ಬೋರ್ಡು ಹಾಕಿ ಕಳಿಸಿದರು. ನಾನು ಸಿಟ್ಟಿನಿಂದ ಬಂದು ಹೇಳಿದರೆ ಕಾಕು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಂಗಂದ್ರ ನೋಡಿದವ್ರಿಗೂ ನನಗೂ ಇವತ್ತ ಒಂದs ಆತು."

ಕಡೆಯನ್ನು ನೋಡದಿದ್ದರೂ ಅಭಿಪ್ರಾಯಕ್ಕೇನೂ ಕೊರತೆ ಇರಲಿಲ್ಲ. ಹೀರೋ ಬರುವಾಗ ಅವನ ಕಾಲು, ಕೈ, ಬೆನ್ನು, ಕಣ್ಣು ಬೇರೆ ಬೇರೆಯಾಗಿ ತೋರಿಸುವುದು ಅವರಿಗೆ ಆಗುತ್ತಿರಲಿಲ್ಲ. "ಮನಶ್ಯಾ ಬಂದ್ರ ಒಂದs ಸಲಕ್ಕ ಬರಬೇಕು, ಕಂತಿನ ಮ್ಯಾಲ ಯಾಕ ಬರ್ತಾನ?" ಎನ್ನುತ್ತಿದ್ದರು. ಖೂನಿ ಮಾಡುವಾಗ ಸೆರಗು ಮುಖಕ್ಕೆ ಹಿಡಿದು, "ಮುಗೀತೇನು?" ಎಂದು ನನ್ನನ್ನು ತಿವಿಯುತ್ತಿದ್ದರು. ಈಗಿನ ಸಿನಿಮಾಗಳಲ್ಲಿ ಅದು ಮುಗಿಯುವುದೇ ಇಲ್ಲ, ನನ್ನ ತೋಳು ನೋಯುತ್ತಿತ್ತು. ಅವರ ದೊಡ್ಡ ತಕರಾರು ಮಾತ್ರ ಅಡುಗೆಮನೆಯದು. ಅಷ್ಟು ಎತ್ತರದ ಅರಮನೆ ಕಟ್ಟುತ್ತಾರೆ, ಕಂಬಕ್ಕೆಲ್ಲ ಬಂಗಾರ ಬಳಿಯುತ್ತಾರೆ, ಎಲ್ಲಿಯೂ ಒಂದು ಒಲೆ ಇಲ್ಲ. "ಅಷ್ಟ ದೊಡ್ಡ ಸೈನ್ಯಾ ಮುಂಜಾನಿಂದ ಬಡದಾಡಾಕತ್ತೈತಿ, ಒಬ್ಬರೂ ರೊಟ್ಟಿ ತಿನ್ನಲಿಲ್ಲ. ಹೊಟ್ಟಿಗಿ ಇಲ್ದವ್ರು ಜಗಳಾಡೂದs ಮತ್ತ."

ನನಗೆ ಆಗ ಇದು ಮುದುಕಿಯ ಹರಟೆಯಾಗಿತ್ತು. ನಾನು ಸಿನಿಮಾವನ್ನು ಬಹಳ ತಿಳಿದುಕೊಂಡವಳಂತೆ ಗ್ರಾಫಿಕ್ಸು, ಕ್ಯಾಮೆರಾ ಎಂದೆಲ್ಲ ವಿವರಿಸಿ ಹೇಳುತ್ತಿದ್ದೆ. ಅವರು "ಹೂಂ, ಹೂಂ" ಎನ್ನುತ್ತಾ ಕಿಟಕಿಯಾಚೆ ಕಬ್ಬು ನೋಡುತ್ತಿದ್ದರು.

ಆ ವರ್ಷ ಕಾಕುವಿನ ಮಕ್ಕಳಿಬ್ಬರೂ ಬೇರೆಯಾದರು. ಅಂಗಡಿಯ ನಡುವೆ ಗೋಡೆ ಎದ್ದಿತು, ಮನೆಯಲ್ಲಿಯೂ ಎದ್ದಿತು. ಕಾಕು ದೊಡ್ಡ ಮಗನ ಕಡೆ ಉಳಿದರು. ಅಣ್ಣ ತಮ್ಮ ಎದುರಾದರೆ ಒಬ್ಬರು ರಸ್ತೆಯ ಆ ಬದಿಗೆ ಹೋಗುತ್ತಿದ್ದರು. ಕಾಕು ಈ ಮಾತನ್ನು ಯಾರ ಮುಂದೆಯೂ ಎತ್ತುತ್ತಿರಲಿಲ್ಲ. ಒಂದೇ ಒಂದು ಸಲ, ಬಟ್ಟೆ ಒಣಹಾಕುತ್ತಾ, "ನಾ ಸಾಯೂದರಾಗ ಇಬ್ಬರೂ ಒಂದ ಪಂಕ್ತ್ಯಾಗ ಕುಂತ ಉಂಡದ್ದ ನೋಡಿದ್ರ ಸಾಕಾಗೇತಿ," ಎಂದಿದ್ದರು. ಹೇಳಿ ಮತ್ತೆ ಬಟ್ಟೆ ಜಾಡಿಸತೊಡಗಿದರು.

ಅದೇ ಚಳಿಗಾಲದಲ್ಲಿ ಬಂದದ್ದು ಆ ಸಿನಿಮಾ. ಒಂದು ಸಿಂಹಾಸನ, ಅದಕ್ಕೆ ಬಡಿದಾಡುವ ಅಣ್ಣ ತಮ್ಮ, ನಡುವೆ ಕಣ್ಣೀರು ಹಾಕುವ ತಾಯಿ. ಊರೆಲ್ಲ ಅದೇ ಮಾತು. ಕಾಕು ಎಂದಿನಂತೆ ಐದೂಕಾಲಿಗೆ ಎದ್ದು ಹೋದರು. ಅವರು ಹೋದ ಮೇಲೆ ಒಳಗೆ ಆದದ್ದಿಷ್ಟು: ಅಣ್ಣ ತಮ್ಮನನ್ನು ಅಪ್ಪಿಕೊಳ್ಳುವಂತೆ ಮಾಡಿ ಕೋಟೆಯ ಮೇಲಿಂದ ನೂಕಿದ, ತಾಯಿ ಎದೆ ಒಡೆದು ಸತ್ತಳು, ಜನ ಎದ್ದು ನಿಂತು ಸಿಳ್ಳೆ ಹಾಕಿದರು.

ಹೊರಗೆ ಬಂದೆ. ಅಂದು ಕಾಕುವಿನ ಡಬ್ಬಿಯಲ್ಲಿ ಚಪಾತಿ ಹಾಗೇ ಇತ್ತು. ಸಿನಿಮಾ ಎಂದಿಗಿಂತ ಬೇಗ ಮುಗಿದಿದ್ದರಿಂದ ಹೊತ್ತು ಇನ್ನೂ ಒಂದು ಬೆರಳು ಮೇಲಿತ್ತು. ಅವರು ಎಂದಿನಂತೆ "ಏನಾತು?" ಎನ್ನಲಿಲ್ಲ.

"ಕೂಡಿದ್ರೇನು?" ಎಂದು ಕೇಳಿದರು.

ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನಾದರೂ ಹೇಳಬಹುದಿತ್ತು. ಆದರೆ ಆ ಮುಖ ನೋಡಿ ನನಗೆ ಆಗಲಿಲ್ಲ. "ಕೂಡಿದ್ರು ನೋಡ್ರಿ ಕಾಕು," ಎಂದೆ. ಸುಳ್ಳು ಶುರು ಮಾಡಿದ ಮೇಲೆ ನಾಲಿಗೆ ತಾನೇ ಓಡಿತು. ತಾಯಿ ತನ್ನ ಕೈಯಾರೆ ಬಡಿಸಿದಳೆಂದೂ, ಇಬ್ಬರೂ ಒಂದೇ ತಾಟಿನಲ್ಲಿ ಉಂಡರೆಂದೂ ಸೇರಿಸಿದೆ.

"ಉಂಡ್ರು?"

"ಹೂಂ ರೀ. ಅಡಗಿಮನಿನೂ ತೋರಸಿದ್ರು."

ಕಾಕು ಚಪಾತಿ ಮುರಿದು ಬಾಯಿಗಿಟ್ಟುಕೊಂಡರು. ನನಗೂ ಸಮಾಧಾನವಾಯಿತು. ಯಾರಿಗೆ ನಷ್ಟ, ಇನ್ನೊಂದು ಸಲ ಯಾರು ನೋಡುತ್ತಾರೆ ಎಂದುಕೊಂಡೆ. ನಾಲ್ಕನೇ ದಿನ ಕಾಕು ನಮ್ಮ ಬಾಗಿಲಿಗೆ ಬಂದು, ಬರುವ ರವಿವಾರ ಇಬ್ಬರು ಮಕ್ಕಳು, ಸೊಸೆಯರು ಎಲ್ಲರೂ ಆ ಸಿನಿಮಾಕ್ಕೆ ಹೊರಟಿದ್ದಾರೆ, ನೀನೂ ಬಾ ಎಂದರು. ಮುದುಕಿಯ ಆಸೆ ಎಂದು ಇಬ್ಬರನ್ನೂ ಬೇರೆ ಬೇರೆಯಾಗಿ ಒಪ್ಪಿಸಿದ್ದರು. ಕಡೆಗೆ ಅಣ್ಣ ತಮ್ಮ ಕೂಡುವುದನ್ನು ನೋಡಿ ಇವರ ಮನಸ್ಸೂ ಕರಗಲಿ ಎಂಬುದು ಅವರ ಲೆಕ್ಕವಿರಬೇಕು. ಇವರು ನೋಡುವುದು ನೂಕುವುದನ್ನು.

ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ರವಿವಾರ ಮೂರು ಗಂಟೆಯಿಂದ ಕರೆಂಟು ಹೋಗಲಿ ಎಂದು ಬೇಡಿಕೊಳ್ಳುತ್ತಾ ಕುಳಿತೆ. ಬೇರೆ ದಿನ ಬೇಡವೆಂದರೂ ಹೋಗುವ ಕರೆಂಟು ಅಂದು ಮಿಸುಕಲಿಲ್ಲ. ಸಾಲಿನಲ್ಲಿ ಈ ತುದಿಗೆ ಅಣ್ಣ, ಆ ತುದಿಗೆ ತಮ್ಮ, ನಡುವೆ ನಾವೆಲ್ಲ ಗೋಡೆಯಾಗಿದ್ದೆವು.

ಐದೂಕಾಲಾಯಿತು. ಕಾಕು ಚೀಲ ಹಿಡಿದು ಎದ್ದರು. ಅವರ ಹಿಂದೆ ದೊಡ್ಡ ಮಗನೂ ಎದ್ದ. ಆ ವರ್ಷ ಮುನಿಗಳ ಹತ್ತಿರ ರಾತ್ರಿ ಉಣ್ಣುವುದಿಲ್ಲವೆಂದು ನೇಮ ಹಿಡಿದಿದ್ದನಂತೆ, ನನಗೆ ಗೊತ್ತಿರಲಿಲ್ಲ. ಸಣ್ಣವನಿಗೆ ಅಂಥ ನೇಮವೇನೂ ಇರಲಿಲ್ಲ. ಅಂಗಡಿ ಮುಚ್ಚಿ ರಾತ್ರಿ ಉಣ್ಣುವುದೇ ಅವನ ರೂಢಿ. ಖಾಲಿಯಾದ ಎರಡು ಕುರ್ಚಿಗಳನ್ನು ಒಂದಿಷ್ಟು ಹೊತ್ತು ನೋಡಿದ. ಆಮೇಲೆ ಅವನೂ ಎದ್ದು ಹೊರಗೆ ಹೋದ. ನಾನು ತಡೆಯಲಾರದೆ ಹಿಂದೆಯೇ ಹೋದೆ.

ಕಾಕು ಮೆಟ್ಟಿಲ ಮೇಲೆ ಡಬ್ಬಿ ಬಿಚ್ಚಿದ್ದರು. ಬೇರೆ ತಾಟು ತಂದಿರಲಿಲ್ಲ. ದೊಡ್ಡವನ ಮುಂದೆ ಡಬ್ಬಿಯ ಅಗಲವಾದ ಮುಚ್ಚಳದಲ್ಲಿ ಚಪಾತಿ ಇತ್ತು. ಸಣ್ಣವನು ಬಂದು ಒಂದು ಮೆಟ್ಟಿಲು ಕೆಳಗೆ ನಿಂತ. ಕಾಕು ಅದೇ ಮುಚ್ಚಳಕ್ಕೆ ಇನ್ನೆರಡು ಚಪಾತಿ ಹಾಕಿದರು.

"ಕುಂದರು. ಹೊತ್ತ ಹೊಂಟೈತಿ," ಎಂದ ದೊಡ್ಡವನು. ಸಣ್ಣವನು ಕೂತ. ಒಳಗಿನಿಂದ ಕೋಟೆ ಬಿದ್ದ ಸಪ್ಪಳ, ಸಿಳ್ಳೆ, ಕೂಗಾಟ ಕೇಳುತ್ತಿತ್ತು. ಯಾರೂ ಆ ಕಡೆ ತಿರುಗಲಿಲ್ಲ. "ಚಟ್ನಿ ತಗೋ," ಎಂದು ಅಣ್ಣ ಮುಚ್ಚಳವನ್ನು ತಮ್ಮನ ಕಡೆ ಸರಿಸಿದ. ಅವರು ಆಡಿದ್ದು ಅಷ್ಟೇ. ಕಾಕು ತಾವು ಉಣ್ಣುವುದನ್ನು ಮರೆತಿದ್ದರು. ನಾನೇ ನೆನಪಿಸಿದೆ.

ಸೊಸೆಯರು ಹೊರಗೆ ಬಂದಾಗ ಡಬ್ಬಿ ತೊಳೆದು ಆಗಿತ್ತು. ಮೆಟ್ಟಿಲ ಮೇಲೆ ಜೋಡಿಯಾಗಿ ಕೂತವರನ್ನು ನೋಡಿ ಅವರು ಸಿನಿಮಾದ ಮಾತೇ ಎತ್ತಲಿಲ್ಲ. ಊರಿಗೆ ಹೋಗುವಾಗಲೂ ಯಾರೂ ಎತ್ತಲಿಲ್ಲ.

ಗೋಡೆ ಬಿತ್ತೇ ಎಂದರೆ, ಇಲ್ಲ. ಅಂಗಡಿ ಎರಡು, ಇವತ್ತಿಗೂ ಎರಡೇ. ಸಣ್ಣವನು ಮಾತ್ರ ರವಿವಾರ ರವಿವಾರ ಹೊತ್ತಿದ್ದಾಗಲೇ ಬಂದು ಅವ್ವನ ಕೈಯ ಊಟ ಮಾಡಿಹೋಗುವ ರೂಢಿ ಹಾಕಿಕೊಂಡ. ಅಣ್ಣನೂ ಅದೇ ಹೊತ್ತಿಗೆ ಉಣ್ಣುತ್ತಿದ್ದ. ಕಾಕು ಬಯಸಿದ್ದು ಅಷ್ಟೇ ಇತ್ತಲ್ಲ.

ಕೆಲವು ತಿಂಗಳ ಮೇಲೆ ಆ ಸಿನಿಮಾ ಟೀವಿಯಲ್ಲಿ ಬಂತು. ಟೀವಿ ನೋಡುವುದಕ್ಕೆ ಹೊತ್ತಿನ ಕಟ್ಟಳೆ ಇರಲಿಲ್ಲ. ಅವರ ಮನೆಯಿಂದ ಕತ್ತಿಯ ಸಪ್ಪಳ ಕೇಳುತ್ತಿದ್ದರೆ ನಾನು ಹೊದ್ದುಕೊಂಡು ಮಲಗಿದೆ. ಮರುದಿನ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಾ, ತಲೆ ಎತ್ತದೆ ಕುಳಿತಿದ್ದೆ. ಕಾಕು ಕಾಂಪೌಂಡಿನ ಆಚೆ ಬಂದು ನಿಂತರು.

"ನಿನ್ನಿ ಆ ಸಿನಿಮಾ ಹಾಕಿದ್ರು. ಪೂರಾ ನೋಡ್ದೆ," ಎಂದರು.

ನಾನು ಕೈಯಲ್ಲಿದ್ದ ಬಟ್ಟೆಯನ್ನೇ ಮತ್ತೆ ತಿಕ್ಕತೊಡಗಿದೆ.

"ಕಡೀಕ ಅವ್ರು ತಪ್ಪ ಮಾಡ್ಯಾರ ತಂಗಿ. ನೀ ಹೇಳಿದ್ದs ಛಲೋ ಇತ್ತು."

ಅಷ್ಟು ಹೇಳಿ ಒಳಗೆ ಹೋದರು. ನಾನು ತಪ್ಪಾಯಿತು ಎನ್ನಬೇಕಿತ್ತು. ಅನ್ನಲಿಲ್ಲ. ಮುಂದೆ ಮುಧೋಳದ ಸಾಲಿಯಲ್ಲಿ ನೌಕರಿ ಸಿಕ್ಕಿತು, ಮದುವೆಯಾಯಿತು, ತೇರದಾಳಕ್ಕೆ ಹೋಗುವುದು ಕಡಿಮೆಯಾಯಿತು. ಕಾಕು ತೀರಿಕೊಂಡ ದಿನ ನನಗೆ ಪರೀಕ್ಷೆಯ ಕೆಲಸವಿತ್ತು. ಸುದ್ದಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂತ್ಯಕ್ರಿಯೆಗೂ ಹೋಗಲಾಗಲಿಲ್ಲ. ಅದು ಇಂದಿಗೂ ಚುಚ್ಚುತ್ತದೆ.

ಹೋದ ತಿಂಗಳ ಆ ಸಿನಿಮಾದ ಕಡೆಯಲ್ಲಿ ಮಗಳೊಬ್ಬಳು ತಂದೆಯ ಹೆಣದ ಮೇಲೆ ಕಾಲಿಟ್ಟು ಕಿರೀಟ ತೊಟ್ಟಳು. ಜನ ಚಪ್ಪಾಳೆ ಹೊಡೆದರು, ಮೊಬೈಲು ತೆಗೆದುಕೊಂಡು ಎದ್ದರು. ನಾನು ಮುಧೋಳದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತೆ. ದಾರಿಯುದ್ದಕ್ಕೂ ಅದನ್ನು ಸರಿಮಾಡುತ್ತಾ ಬಂದೆ. ತಂದೆಯನ್ನು ಬದುಕಿಸಿದೆ, ಮಗಳ ಕೈಯಿಂದ ಕತ್ತಿ ಕೆಳಗಿಡಿಸಿದೆ, ಅಷ್ಟು ದೊಡ್ಡ ಅರಮನೆಯಲ್ಲಿ ಒಂದು ಒಲೆ ಹೂಡಿ ಇಬ್ಬರನ್ನೂ ಅದರ ಮುಂದೆ ಕೂರಿಸಿದೆ. ಇಳಿಯುವ ಹೊತ್ತಿಗೆ ಕತೆ ಛಲೋ ಆಗಿತ್ತು. ಕೇಳಲು ಕಾಕು ಇರಲಿಲ್ಲ.