ಮಣೆಯ ಮೇಲಿನ ಟೈಪ್‌ರೈಟರು

ನನ್ನ ಹತ್ತು ಬೆರಳುಗಳಿಗೆ ಸುಮ್ಮನಿರುವ ವಿದ್ಯೆಯೊಂದನ್ನು ಬಿಟ್ಟು ಮಿಕ್ಕೆಲ್ಲವೂ ಬರುತ್ತದೆ. ಬಸ್ಸಿಗೆ ಕಾಯುವಾಗ ಕೈಚೀಲದ ಮೇಲೆ, ಹರಿಕಥೆ ಕೇಳುವಾಗ ಪಕ್ಕದವರ ಮೊಣಕಾಲಿನ ಮೇಲೆ ಅವು ಟಕಟಕ ಕುಣಿಯುತ್ತವೆ. ಮೊಣಕಾಲಿನ ಒಡತಿ ದುರುಗುಟ್ಟಿದ ಮೇಲೆಯೇ ನನಗೆ ಎಚ್ಚರವಾಗುವುದು. ಈ ಚಾಪಲ್ಯಕ್ಕೊಂದು ಚರಿತ್ರೆಯಿದೆ, ಕೇಳಿ.

ಐವತ್ತರ ದಶಕದ ಕೊನೆಯಲ್ಲಿ ನಾನು ಶಿವಮೊಗ್ಗದಿಂದ ದಿನವೂ ಬಸ್ಸು ಹತ್ತಿ ಭದ್ರಾವತಿಯ ಕಾರ್ಖಾನೆಯೊಂದರ ಕಚೇರಿಗೆ ಟೈಪಿಸ್ಟಳಾಗಿ ಹೋಗುತ್ತಿದ್ದೆ. ಆಹಾ, ಏನು ಹುಮ್ಮಸ್ಸು ಅದು! ಹೊಸ ರಿಬ್ಬನ್ನಿನ ವಾಸನೆ, ಸಾಲು ಮುಗಿಯುತ್ತಲೇ ಕಿಣಿ ಎನ್ನುವ ಗಂಟೆ. ಆ ಗಂಟೆಯನ್ನು ಇನ್ನೊಮ್ಮೆ ಕೇಳುವ ಆಸೆಗೇ ಮುಂದಿನ ಸಾಲು ಹೊಡೆಯುತ್ತಿದ್ದೆ. ಮೂರು ತಿಂಗಳೊಳಗೆ ನಿಮಿಷಕ್ಕೆ ನಲವತ್ತು ಪದಗಳ ವೇಗ ಬಂದರೆ ಕೆಲಸ ಕಾಯಂ, ಇಲ್ಲವಾದರೆ ಮನೆ. ಮನೆಯಲ್ಲಿ ಯಂತ್ರವೆಲ್ಲಿಂದ ಬರಬೇಕು? ಊಟಕ್ಕೆ ಕೂರುವ ಮಣೆಯ ಮೇಲೆ ಸೀಮೆಸುಣ್ಣದಿಂದ ಅಕ್ಷರದ ಗುಂಡಿಗಳನ್ನು ಬರೆದು ಸಂಜೆಯೆಲ್ಲ ಕುಟ್ಟುತ್ತಿದ್ದೆ.

ನನ್ನ ಈ ತಪಸ್ಸಿಗೆ ವಿಘ್ನಗಳು ಕಡಿಮೆಯಿರಲಿಲ್ಲ. ಕಚೇರಿಯಲ್ಲಿ ಬೆಳಗ್ಗೆ ಬಂದ ಕರಡು ಸಂಜೆಯವರೆಗಾದರೂ ಮೇಜಿನ ಮೇಲೆ ವಿಶ್ರಮಿಸಬೇಕೆಂಬುದು ಹಳೆಯ ಸಂಪ್ರದಾಯ. ನಾನು ಮಧ್ಯಾಹ್ನಕ್ಕೇ ಮುಗಿಸಿಕೊಟ್ಟು ಎಲ್ಲರ ಹೊಟ್ಟೆಗೆ ಕಿಚ್ಚಿಟ್ಟೆ. ಅಂದಿನಿಂದ ಗುಮಾಸ್ತರು ಮಾತು ಬಿಟ್ಟು, ಕರಡುಗಳನ್ನು ನನ್ನ ಕೈಗೆ ಕೊಡದೆ ಕಿಟಕಿಯ ಕಟ್ಟೆಯ ಮೇಲಿಟ್ಟು ಹೋಗತೊಡಗಿದರು. ಮಾತಿಲ್ಲದ್ದರಿಂದ ನನ್ನ ಕೆಲಸ ಇನ್ನೂ ಬೇಗ ಮುಗಿಯುತ್ತಿತ್ತು! ಬೀದಿಯವರು ಅಪ್ಪನನ್ನು, ಮಗಳನ್ನು ದುಡಿಯಲು ಕಳಿಸುವಷ್ಟು ಮನೆಯಲ್ಲಿ ಕಷ್ಟವೇ ಎಂದು ವಿಚಾರಿಸುತ್ತಿದ್ದರು. ಅಜ್ಜಿಯಂತೂ ನಾನು ಮಣೆಯ ಮುಂದೆ ಕುಳಿತರೆ ಸಾಕು, ಗೋಡೆ ಗಡಿಯಾರವನ್ನು ದಿಟ್ಟಿಸುತ್ತಾ ಒಂದೇ ಸಮನೆ ಬೈಯುತ್ತಿದ್ದರು. ಕಂಬವನ್ನೂ ಬಿಡದೆ ಒರೆಸುವ ಅಜ್ಜಿ ಆ ಮಣೆಯನ್ನು ಮಾತ್ರ ಒಮ್ಮೆಯೂ ತೊಳೆಯಲಿಲ್ಲವೆಂಬುದು ಆಗ ನನ್ನ ಮಂದಬುದ್ಧಿಗೆ ಹೊಳೆದಿರಲಿಲ್ಲ.

ಕಚೇರಿಯ ವೇಗದ ಪರೀಕ್ಷೆಗೆ ಎರಡು ದಿನವಿರುವಾಗ ಹೆಣ್ಣು ನೋಡಲು ಬಂದರು. ಸೋಮವಾರದಿಂದಲೇ ಕಚೇರಿ ಬಿಡಿಸಿದರೆ ಲಗ್ನ ನಿಶ್ಚಯ ಎಂದು ವರನ ತಾಯಿ ಷರತ್ತು ಹಾಕಿದರು. ಅಪ್ಪನ ತಲೆ ಅರ್ಧ ಆಡಿಯೂಬಿಟ್ಟಿತು. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಬೆರಳುಗಳು ಮಾತ್ರ, ನನ್ನನ್ನು ಕೇಳದೆಯೇ, ಆಕೆಯ ಷರತ್ತುಗಳನ್ನೆಲ್ಲ ಮಡಿಲಿನ ಸೀರೆಯ ಮೇಲೆ ಅಕ್ಷರ ಬಿಡದೆ ಟೈಪು ಮಾಡಿ, ಕೆಳಗೆ ಕಚೇರಿಯ ಪದ್ಧತಿಯಂತೆ ‘ನಾಟ್ ಸ್ಯಾಂಕ್ಷನ್ಡ್’ ಎಂದು ಹೊಡೆಯುತ್ತಿದ್ದವು. ಆಕೆ ಅದನ್ನು ನೋಡಿ ಗಾಬರಿಯಾಗಿ, ಹುಡುಗಿಗೆ ನರದ ಕಾಯಿಲೆಯೇನಾದರೂ ಇದೆಯೇ ಎಂದು ಕೇಳಿಯೇಬಿಟ್ಟರು.

ಅಪ್ಪ ತಡವರಿಸುವಷ್ಟರಲ್ಲಿ ಮೂಲೆಯಿಂದ ಅಜ್ಜಿಯ ದನಿ ಬಂತು.

“ಕಾಯಿಲೆ ಅಲ್ಲ ಕಣ್ರೀ, ಕೆಲಸ. ನಿಮಿಷಕ್ಕೆ ನಲವತ್ತೆರಡು ಹೊಡೀತಾಳೆ ನಮ್ಮ ಹುಡುಗಿ. ಗಡಿಯಾರ ನೋಡ್ಕೊಂಡು ನಾನೇ ಎಣ್ಸಿದೀನಿ.”

ಬಂದವರು ಉಪ್ಪಿಟ್ಟು ಮುಗಿಸಿ ಎದ್ದರು. ಸಂಬಂಧ ಮುರಿದ ಮನೆಯಲ್ಲಿ ದುಃಖಿಸಬೇಕಾದ ನಾನು ಅಡುಗೆಮನೆಯ ಕತ್ತಲಲ್ಲಿ ಸಂತೋಷ ತಡೆಯಲಾರದೆ ಅಳುತ್ತಿದ್ದೆ. ಅಜ್ಜಿ ಬಂದು, “ಅಳೋದು ಸಾಕು ಮಾರಾಯ್ತಿ, ನಾಳೆ ಬಸ್ಸು ಎಷ್ಟಕ್ಕೆ? ರೊಟ್ಟಿ ಕಟ್ಬೇಕು” ಎಂದರು.

ಕೆಲಸ ಕಾಯಂ ಆಯಿತು. ಈಗ ಅದರಿಂದ ನಿವೃತ್ತಿಯೂ ಆಗಿದೆ. ಬೆರಳುಗಳಿಗೆ ಮಾತ್ರ ಆ ಆದೇಶ ಇನ್ನೂ ತಲುಪಿಲ್ಲ. ಮೊನ್ನೆ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದಾಕೆ ಅವುಗಳ ಕುಣಿತ ನೋಡಿ, ವೈದ್ಯರಿಗೆ ತೋರಿಸಿದಿರಾ ಎಂದು ಕನಿಕರದಿಂದ ಕೇಳಿದರು. ಅಜ್ಜಿಗೆ ತೋರಿಸಿದ್ದೇನೆ ಎಂದೆ.