ಮಷಿನ್ ತುಂಬುವಷ್ಟು ಬಟ್ಟೆ

ಅವರ ಬೆರಳ ತುದಿಗಳು ಸದಾ ನೀರಿನಲ್ಲಿ ನೆನೆದು ಸುಕ್ಕುಗಟ್ಟಿರುತ್ತಿದ್ದವು. ಬಟ್ಟೆ ಒಗೆಯುವ ಮಷಿನ್ ಇದ್ದರೂ ಸೀರೆಯಂಚಿನ ಕೊಳೆಯನ್ನು ಕೈಯಲ್ಲಿ ಉಜ್ಜದೆ ಅದರೊಳಗೆ ಹಾಕಿದವರಲ್ಲ. ಶಹಾಪುರದಲ್ಲಿ ನನಗೆ ಮೇಲಿನ ಖೋಲಿ ಬಾಡಿಗೆಗೆ ಕೊಟ್ಟ ಮನೆ ಮಾಲಕಿ ಅವರು. ಮಕ್ಕಳಿರಲಿಲ್ಲ. ನಾನೋ ಆ ಊರಿನ ಶಾಲೆಗೆ ಹೊಸದಾಗಿ ಬಂದ ಟೀಚರು. ಗುರುತಿನವರು ಅಂತ ಒಬ್ಬರೂ ಇರಲಿಲ್ಲ. ಭಾನುವಾರ ಬಂತೆಂದರೆ ಹೆದರಿಕೆಯಾಗುತ್ತಿತ್ತು.

ಜಿಪುಣಿ ಎಂದು ಓಣಿಯವರು ಅವರನ್ನು ಆಡಿಕೊಳ್ಳುತ್ತಿದ್ದರು. ಮೊದಮೊದಲು ನಾನೂ ಹಾಗೇ ಅಂದುಕೊಂಡೆ. ಒಂದೇ ಸೋಪಿನ ನೀರಿನಲ್ಲಿ ಮೊದಲು ಬಿಳಿ ಬಟ್ಟೆ, ಆಮೇಲೆ ಬಣ್ಣದ್ದು, ಕೊನೆಗೆ ಕಾಲೊರಸು. ಅಷ್ಟಾದ ಮೇಲೂ ಆ ನೀರಿಗೆ ಬಿಡುಗಡೆಯಿಲ್ಲ, ಅಂಗಳಕ್ಕೆ ಹಾಸಿದ ಪರಸಿ ಕಲ್ಲು ತೊಳೆಯಬೇಕು. ಇಸ್ತ್ರಿ ಮುಟ್ಟಿದವರೇ ಅಲ್ಲ. ಒಣಗಿದ ಸೀರೆಯನ್ನು ಜಗ್ಗಿ ಮಡಚಿ ಗಾದಿಯ ಕೆಳಗಿಟ್ಟು ಮಲಗಿದರೆ ಮುಗಿಯಿತು. ಊರಿಗೆ ಊರೇ ಬಿಸಿಲನ್ನು ಬೈಯುವಾಗ ಇವರೊಬ್ಬರು ಹೊಗಳುವವರು.

“ಕರೆಂಟಿಗಿ ಬಿಲ್ ಬರ್ತದ್ರಿ ಅಕ್ಕೋರ, ಬಿಸಿಲಿಗಿ ಬರಂಗಿಲ್ಲ. ಅರಿಬಿ ಒಳಮೈ ಹೊರಗ ಮಾಡಿ ಹಾಕ್ರಿ, ಬಣ್ಣ ಉಳಿತದ.”

ಪ್ರತಿ ಭಾನುವಾರ ಅವರ ಸೀರೆಗಳ ಪಕ್ಕದಲ್ಲಿ ಗಂಡಸರ ಅಂಗಿಗಳೂ ದಾರದ ಮೇಲಿರುತ್ತಿದ್ದವು. ಯಜಮಾನರು ಎಲ್ಲೋ ದುಡಿಯಲು ಹೋಗಿರಬೇಕೆಂದು ನಾನು ತಿಳಿದಿದ್ದೆ. ಒಮ್ಮೆ ಕೇಳಿಯೇಬಿಟ್ಟೆ: “ಯಜಮಾನ್ರು ಕಾಣಂಗೇ ಇಲ್ಲಲ್ರಿ ಅವ್ವಾರ, ಹೊಲದಾಗೇ ಇರ್ತಾರೇನ್ರಿ?”

“ತೀರಿಕೊಂಡು ಬಾಳ ವರ್ಷ ಆತ್ರಿ,” ಎಂದರು, ಕ್ಲಿಪ್ಪು ಹಾಕುತ್ತಲೇ.

ದಾರದ ಕಡೆ ತಿರುಗಿದೆ. “ಮತ್ತ ಈ ಅಂಗಿ?”

“ಮಷಿನ್ ತುಂಬಬೇಕಲ್ರಿ. ಅರ್ಧಕ್ಕ ತಿರುಗಿಸಿದ್ರ ಕರೆಂಟೂ ದಂಡ, ನೀರೂ ದಂಡ. ಒಬ್ಬಾಕಿ ಅರಿಬಿ ಎಷ್ಟ್ ಆಗ್ತಾವ?”

ಈ ಲೆಕ್ಕ ನನಗೆ ಹೊಂದಲಿಲ್ಲ. ಯಾರೂ ತೊಡದ ಅಂಗಿಯನ್ನು ವಾರವಾರವೂ ಒಗೆದರೆ ಅದೆಂಥ ಉಳಿತಾಯ? ಇನ್ನೊಂದು ವಾರ ತಡೆದರೆ ಮಷಿನ್ ತಾನೇ ತುಂಬುತ್ತದೆ. ಹೇಳಬೇಕೆಂದು ಬಾಯಿ ತೆರೆದೆ. ಅವರು ಒದ್ದೆ ಅಂಗಿಯ ಕಾಲರನ್ನು ಎರಡೂ ಕೈಯಿಂದ ಸವರಿ ನೇರ ಮಾಡುತ್ತಿದ್ದರು. ನಾನು ಒಂದು ಕ್ಲಿಪ್ಪು ತೆಗೆದುಕೊಟ್ಟೆ.

ಮುಂದಿನ ಭಾನುವಾರ ನನ್ನ ಬಟ್ಟೆಯ ಬಕೆಟ್ಟನ್ನು ಕೆಳಗೆ ಒಯ್ದು, “ನಂದೂ ಹಾಕ್ರಿ ಅವ್ವಾರ, ತುಂಬ್ತದ,” ಎಂದೆ.

ಅವರು ಬಕೆಟ್ಟಿನೊಳಗೆ ಇಣುಕಿದರು. “ಬಿಳಿದು ಬಣ್ಣದ್ದು ಎಲ್ಲಾ ಕೂಡಿಸಿ ತಂದೀರಲ್ರಿ! ಸಾಲಿ ಕಲಸೋರು ಹಿಂಗ ಮಾಡಿದ್ರ ಹೆಂಗ?”

ಗದರಿಸಿಕೊಂಡು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. ಅಲ್ಲಿಂದ ಭಾನುವಾರವೆಂದರೆ ಮಷಿನ್ನಿನ ಎದುರು ಎರಡು ಮಣೆ, ಒಂದು ತಟ್ಟೆ ಮಂಡಕ್ಕಿ ಸುಸಲಾ, ಚಹಾ. ಮಾತು ಹೆಚ್ಚಿರಲಿಲ್ಲ. ಅಂಗಿಗಳು ಟ್ರಂಕು ಸೇರಿದವು. ಯಾವಾಗ ಸೇರಿದವೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕೆಲವು ವರ್ಷದ ಮೇಲೆ ಸುರಪುರಕ್ಕೆ ನನ್ನ ವರ್ಗವಾಯಿತು. ಸಾಮಾನು ಗಾಡಿಗೆ ಏರಿಸುವಾಗ ಅವರು ಬೇರೆ ಕಡೆ ನೋಡುತ್ತಾ, “ಒಂದು ಹಳೀ ಸೀರಿ ಬಿಟ್ಟು ಹೋಗ್ರಿ. ನೆಲ ಒರಸಾಕ ಬೇಕು,” ಎಂದರು. ಹಳದಿ ಸೀರೆಯೊಂದನ್ನು ಕೊಟ್ಟೆ. ಹೋಗುವ ಹೊತ್ತಿನಲ್ಲೂ ಒರಸುವ ಅರಿವೆಯ ಚಿಂತೆಯೇ ಎಂದು ಮನಸ್ಸಿಗೆ ಚುರುಕ್ಕೆಂದಿತು.

ಮರುವರ್ಷ ಬೇಸಿಗೆಯಲ್ಲಿ ಅವರು ಹೋದರೆಂದು ಫೋನ್ ಬಂತು. ನಾನು ತಲುಪುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅಂಗಳದಲ್ಲಿ ಅವರೇ ಒಣಹಾಕಿದ ಬಟ್ಟೆಗಳು ಇನ್ನೂ ದಾರದ ಮೇಲಿದ್ದವು. ಅವರ ಎರಡು ಸೀರೆ, ಟ್ರಂಕಿನಿಂದ ಮತ್ತೆ ಹೊರಬಂದ ಅಂಗಿಗಳು, ಅವುಗಳ ಪಕ್ಕದಲ್ಲಿ ನನ್ನ ಹಳದಿ ಸೀರೆ. ಅದು ಒಮ್ಮೆಯೂ ನೆಲ ಮುಟ್ಟಿರಲಿಲ್ಲ. ಒಗೆದು ಒಗೆದು ಮೆತ್ತಗಾಗಿತ್ತು.

“ದೊಡ್ಡವ್ವ ಹಳದಿ ಉಡ್ತಿದ್ದಿಲ್ಲ, ಇದು ಯಾರದೋ ಏನೋ,” ಎಂದಳು ಅವರ ತಂಗಿಯ ಮಗಳು.

“ನಂದೇರಿ,” ಎಂದು ದಾರದಿಂದ ತೆಗೆದುಕೊಂಡು ಅಲ್ಲೇ ಅತ್ತುಬಿಟ್ಟೆ.

ಸುರಪುರದಲ್ಲಿ ಈಗ ನನಗೂ ಒಂದು ಮಷಿನ್ ಇದೆ. ಒಬ್ಬಳ ಬಟ್ಟೆಗೆ ಅದು ಅರ್ಧವೂ ತುಂಬುವುದಿಲ್ಲ. ಭಾನುವಾರ ಗಾದಿಯ ಕೆಳಗಿನಿಂದ ಆ ಹಳದಿ ಸೀರೆಯನ್ನು ತೆಗೆದು, ಒಗೆದದ್ದನ್ನೇ ಮತ್ತೆ ಮಷಿನ್ನಿನೊಳಗೆ ಹಾಕುತ್ತೇನೆ.