ಅಪ್ಪನ ಅಂಗೈಗೆ ಹಚ್ಚಿದ ಹರಳೆಣ್ಣೆ

ಜಿಮ್‌ನಿಂದ ಬಂದ ಮಗಳು ಅಂಗೈ ಚಾಚಿದಳು. ಬೆರಳ ಬುಡದ ಗುಳ್ಳೆಗಳು ಒಡೆದಿದ್ದವು. "ಎಣ್ಣೆ ಹಚ್ಚಮ್ಮ" ಅಂದಳು. ಹರಳೆಣ್ಣೆ ಬಾಟಲಿಯ ಮುಚ್ಚಳ ತೆಗೆದೆ. ಆ ವಾಸನೆಗೆ ಕೈ ಅಲ್ಲೇ ನಿಂತಿತು.

ನಮ್ಮೂರು ಕತ್ತಲಗೆರೆಯಲ್ಲಿ ನಮ್ಮಪ್ಪ ಪ್ರತಿ ಯುಗಾದಿಗೆ ಗುಂಡುಕಲ್ಲು ಎತ್ತುತ್ತಿದ್ದ. "ಬೆರಳಿಂದ ಹಿಡಿಯಾಕೆ ಹೋಗಬಾರ್ದು ಕಣವ್ವಾ, ಕಲ್ಲು ಅಂಗೈಗೆ ಕೂರ್ಬೇಕು" ಅನ್ನುತ್ತಿದ್ದ. ಒಂದು ಸಲ ವಾರವೆಲ್ಲ ಗರಡಿಯಲ್ಲಿ ಎತ್ತಿ ಎತ್ತಿ ಆ ಅಂಗೈಯೇ ಸುಲಿದುಹೋಗಿತ್ತು. ಹಬ್ಬದ ಮಧ್ಯಾಹ್ನ ಹೋಳಿಗೆ ಉಂಡು ಮಲಗಿದ್ದಾಗ, ಪಾಪ ಉರಿಯುತ್ತದಲ್ಲ ಅಂತ ನಾನೇ ಹರಳೆಣ್ಣೆ ಸವರಿದೆ.

ಕಲ್ಲೆತ್ತಲು ಕರೆಯುವ ಹಲಗೆ ಬಡಿತಕ್ಕೆ ಎದ್ದ ಅಪ್ಪ ಕೈ ನೋಡಿಕೊಂಡ, ಟವಲಿಗೆ ಒರೆಸಿಕೊಂಡು ಹೊರಟ. ಅವ್ವನಿಗೆ ಹೇಳಿದೆ. ಅವಳ ಮುಖ ಬಿಳಿಚಿತು. "ಅಯ್ಯೋ, ಎಣ್ಣೆ ಕೈಯಾಗೆ ಕಲ್ಲು ನಿಲ್ತೈತೇನೇ? ಕಾಲ ಮ್ಯಾಲೆ ಬಿದ್ರೆ?"

ಓಡಿದೆ. ಅಷ್ಟರಲ್ಲಿ ಅಪ್ಪ ಕೈಗೆ ಬೂದಿ ತಿಕ್ಕಿ ಕಲ್ಲು ತಬ್ಬಿಯಾಗಿತ್ತು. ಸುತ್ತ ನಿಂತ ಜನರ ನಡುವೆ ನುಗ್ಗಿ ಮುಂದೆ ಬಂದೆ. ಕಲ್ಲು ಮೊಣಕಾಲಿಗೆ ಬಂತು, ಎದೆಗೆ ಬಂತು, ಆಮೇಲೆ ಮೆಲ್ಲಗೆ ಜಾರತೊಡಗಿತು. ಅಪ್ಪ ಹಿಂದಕ್ಕೆ ಹಾರಿದ. ಕಲ್ಲು ಅವನ ಹೆಬ್ಬೆರಳ ಪಕ್ಕದಲ್ಲೇ ನೆಲಕ್ಕೆ ಇಳಿದು ಕೂತಿತು.

"ಬೆವರು ಕಣ್ರಪ್ಪಾ" ಅಂದ ಎಲ್ಲರಿಗೂ.

ಮನೆಗೆ ಬರುವಾಗ ನನ್ನ ಕೈ ಹಿಡಿದುಕೊಂಡಿದ್ದ. "ಉರಿ ಪೂರ್ತಿ ಹೋಗೈತೆ ಕಣವ್ವಾ" ಅಂದ. ನನಗೆ ಅಳು ಬಂದದ್ದು ಆಗಲೇ.

"ಅಮ್ಮಾ, ಹಚ್ಚು ಅಂದ್ರೆ!" ಮಗಳು ಇನ್ನೂ ಅಂಗೈ ಚಾಚಿಕೊಂಡೇ ಇದ್ದಳು.

"ನಾಳೆ ಏನೂ ಎತ್ತಲ್ಲ ಅಂತ ಮೊದಲು ಹೇಳು" ಅಂದೆ.